ದಾರಿ ಹೇಳುವ ಫೋನಿಗೆ ನಮ್ಮ ತೋಡು ಗೊತ್ತೇ?

"ಗಾಡಿ ಓಡಿಸುವಾಗ ದಾರಿ ನೋಡಲಿಕ್ಕೆ ಯಾವ ಆಪ್ ಒಳ್ಳೆಯದು ಮಾರಾಯ್ರೇ?" ಈಚೆಗೆ ಮದುವೆ ಮನೆಯಲ್ಲಿ, ಸೊಸೈಟಿಯ ಜಗಲಿಯಲ್ಲಿ, ಗೊಬ್ಬರದ ಅಂಗಡಿಯಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ. ಹಿಂದೆ ಪಂಪಿನ ಬಗ್ಗೆ, ಹುಲ್ಲು ಕೊಚ್ಚುವ ಯಂತ್ರದ ಬಗ್ಗೆ ಹೀಗೆ ಕೇಳುತ್ತಿದ್ದೆವು. ಆಗ ಸಿಗುತ್ತಿದ್ದ ಉತ್ತರವೇ ಈಗಲೂ ಸಿಗುತ್ತದೆ: "ಎಲ್ಲರೂ ಅದನ್ನೇ ಹಾಕಿದ್ದಾರೆ, ನೀವೂ ಅದನ್ನೇ ಹಾಕಿ."

ನನಗೆ ಈ ಉತ್ತರ ಹಿಡಿಸುವುದಿಲ್ಲ. ಪಂಪು ಕೊಳ್ಳುವಾಗ ಬಾವಿ ಎಷ್ಟು ಆಳ, ನೀರು ಎಷ್ಟು ಎತ್ತರಕ್ಕೆ ಏರಬೇಕು ಅಂತ ನೋಡುತ್ತೇವಷ್ಟೆ? ದಾರಿಯ ಆಪ್ ಆರಿಸುವಾಗಲೂ ನಾವು ಓಡಾಡುವ ದಾರಿ ಎಂಥದ್ದು ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಬೆಂಗಳೂರಿನ ಟ್ಯಾಕ್ಸಿಯವನಿಗೆ ಬೇಕಾದ್ದು ಯಾವ ಸರ್ಕಲ್ಲಿನಲ್ಲಿ ಎಷ್ಟು ಗಾಡಿ ಕಟ್ಟಿಕೊಂಡಿದೆ ಎಂಬ ಸುದ್ದಿ. ನಮಗೆ ಬೇಕಾದ್ದು ಅದಲ್ಲ. ತೋಟದಿಂದ ಹೊರಟು ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ, ಒಂದು ಸಂಕ, ಮತ್ತೆ ಪಂಚಾಯತಿನ ಕಾಂಕ್ರೀಟು, ಆಮೇಲೆ ಡಾಮರು. ವರ್ಷಕ್ಕೆ ಏಳೆಂಟು ಸಲ ಘಾಟಿ ಹತ್ತಿ ಗೊಬ್ಬರಕ್ಕೋ ನೆಂಟರ ಮನೆಗೋ ಪ್ರಯಾಣ. ಇದರಲ್ಲಿ ಅರ್ಧಕ್ಕರ್ಧ ಜಾಗದಲ್ಲಿ ರೇಂಜೇ ಇಲ್ಲ. ಇಂಥ ದಾರಿಗೆ ಯಾವುದು ಆದೀತು ಎಂದು ಕೇಳಿದರೆ ಮಾತ್ರ ಉತ್ತರಕ್ಕೊಂದು ಅರ್ಥ ಇದೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ಹೋಗಲಾಡಿಸಬೇಕು. "ನೆಟ್ ಹೋಯಿತು, ಜಿಪಿಎಸ್ಸೂ ಹೋಯಿತು" ಅನ್ನುವವರು ತುಂಬ ಮಂದಿ. ಇವೆರಡೂ ಬೇರೆ ಬೇರೆ. ನಾವು ಎಲ್ಲಿದ್ದೇವೆ ಎಂದು ಫೋನು ತಿಳಿಯುವುದು ಉಪಗ್ರಹಗಳಿಂದ. ಅಮೆರಿಕದ ಸೈನ್ಯದವರು ತಮಗೆ ಬೇಕೆಂದು ಹಾರಿಸಿದ ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. 1995ಕ್ಕೆ ಆ ವ್ಯವಸ್ಥೆ ಪೂರ್ತಿಯಾಯಿತು. ಸಾಮಾನ್ಯ ಜನರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ಕೆಲವು ಹತ್ತು ಮೀಟರ್ ತಪ್ಪು ಬೆರೆಸಿಡುತ್ತಿದ್ದರು; 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು. ಇವತ್ತು ನಮ್ಮ ಕಿಸೆಯ ಫೋನು ಕೆಲಸಕ್ಕೆ ಬರುವುದು ಆ ತೀರ್ಮಾನದಿಂದ. ನಮ್ಮ ಇಸ್ರೋದವರದ್ದೂ 'ನಾವಿಕ್' ಎಂಬ ವ್ಯವಸ್ಥೆ ಇದೆ, ಮೊದಲ ಉಪಗ್ರಹ ಹಾರಿದ್ದು 2013ರಲ್ಲಿ. ಅದರ ಒಂದು ಮುಖ್ಯ ಕೇಂದ್ರ ಬೆಂಗಳೂರಿನ ಆಚೆ ಬ್ಯಾಲಾಳಿನಲ್ಲಿದೆ. ಉಪಗ್ರಹದ ಮಾತು ಕೇಳಲಿಕ್ಕೆ ಫೋನಿಗೆ ಸಿಮ್ಮೂ ಬೇಡ, ದುಡ್ಡೂ ಬೇಡ. ನಾಲ್ಕು ಉಪಗ್ರಹ ಕಾಣುವಷ್ಟು ತೆರೆದ ಆಕಾಶ ಇದ್ದರೆ ಸಾಕು.

ನೆಟ್ ಬೇಕಾಗುವುದು ನಕಾಶೆಗೆ. ಅಂದರೆ ನಕಾಶೆಯನ್ನು ಮೊದಲೇ ಫೋನಿಗೆ ಇಳಿಸಿಟ್ಟುಕೊಂಡರೆ ಘಾಟಿಯ ನಡುವೆಯೂ ದಾರಿ ತಪ್ಪಬೇಕಾಗಿಲ್ಲ. ಇಷ್ಟು ಗೊತ್ತಾದರೆ ಆಪ್ ಆರಿಸುವ ಕೆಲಸ ಅರ್ಧ ಮುಗಿಯಿತು. ಇಳಿಸಿಡಲು ಬಾರದ ಆಪ್ ನಮಗೆ ಪ್ರಯೋಜನ ಇಲ್ಲ.

ಈಗ ಎಲ್ಲರೂ ಹಾಕಿಕೊಂಡಿರುವ ಗೂಗಲ್ ಮ್ಯಾಪ್ಸ್. ನಾನೂ ಇಟ್ಟುಕೊಂಡಿದ್ದೇನೆ, ತೆಗೆದುಹಾಕಿ ಅಂತ ಯಾರಿಗೂ ಹೇಳುವುದಿಲ್ಲ. ಅಂಗಡಿ, ಆಸ್ಪತ್ರೆ, ಬಿಡಿಭಾಗ ಸಿಗುವ ಜಾಗ, ಇವನ್ನು ಹುಡುಕಲಿಕ್ಕೆ ಅದಕ್ಕೆ ಸಮ ಇನ್ನೊಂದಿಲ್ಲ. 2017ರ ಕೊನೆಗೆ ಬೈಕಿನವರಿಗೆ ಬೇರೆಯೇ ದಾರಿ ತೋರಿಸಲು ಶುರುಮಾಡಿತು. 2018ರಿಂದ ಕನ್ನಡದಲ್ಲೇ "ಎಡಕ್ಕೆ ತಿರುಗಿ" ಅನ್ನುತ್ತದೆ. ಊರಿನ ಹೆಸರು ಹೇಳುವಾಗ ನಗು ಬರುತ್ತದೆ, ಆದರೂ ಕಣ್ಣು ರಸ್ತೆಯ ಮೇಲೇ ಇರುತ್ತದಲ್ಲ, ಅದೇ ಲಾಭ. ಬೇಕಾದ ಪ್ರದೇಶವನ್ನು ಚೌಕ ಹಾಕಿ ಇಳಿಸಿಡಬಹುದು. ಇದನ್ನು ಮಾಡಿದವರು ನಮ್ಮಲ್ಲಿ ಹತ್ತರಲ್ಲಿ ಒಬ್ಬರೂ ಇರಲಿಕ್ಕಿಲ್ಲ. ಮನೆಯಲ್ಲಿ ವೈಫೈ ಇರುವ ಮಗಳ ಹತ್ತಿರವೋ ನೆರೆಯ ಹುಡುಗನ ಹತ್ತಿರವೋ ಹೇಳಿದರೆ ಐದು ನಿಮಿಷದ ಕೆಲಸ. ಇಳಿಸಿದ್ದು ಶಾಶ್ವತ ಅಲ್ಲ, ಆಗಾಗ ಹೊಸತು ಮಾಡಿಕೊಳ್ಳಬೇಕು.

ಅದರ ಸೋಲು ಎಲ್ಲಿ ಅಂದರೆ, ಅದು ಕಲಿಯುವುದು ಗಾಡಿಗಳಲ್ಲಿರುವ ಫೋನುಗಳಿಂದ. ಒಂದು ದಾರಿಯಲ್ಲಿ ಎಷ್ಟು ಫೋನುಗಳು ಎಷ್ಟು ವೇಗದಲ್ಲಿ ಹೋಗುತ್ತಿವೆ ಎಂದು ನೋಡಿ ರಸ್ತೆ ಸಲೀಸೋ ಅಲ್ಲವೋ ಎಂದು ಲೆಕ್ಕ ಹಾಕುತ್ತದೆ. 2020ರಲ್ಲಿ ಬರ್ಲಿನ್ನಿನ ಸೈಮನ್ ವೆಕರ್ಟ್ ಎಂಬ ಕಲಾವಿದ 99 ಫೋನುಗಳನ್ನು ಒಂದು ಕೈಗಾಡಿಯಲ್ಲಿ ತುಂಬಿ ಖಾಲಿ ರಸ್ತೆಯಲ್ಲಿ ನಿಧಾನ ಎಳೆದುಕೊಂಡು ಹೋದ. ನಕಾಶೆಯಲ್ಲಿ ಆ ರಸ್ತೆ ಪೂರ್ತಿ ಕೆಂಪಾಯಿತು! ನಗರದಲ್ಲಿ ಹೀಗಾದರೆ ನಗಬಹುದು. ನಮ್ಮಲ್ಲಿ ಅದರ ತಿರುವುಮುರುವು. ದಿನಕ್ಕೆ ನಾಲ್ಕು ಬೈಕು, ಒಂದು ರಿಕ್ಷಾ ಹೋಗುವ ದಾರಿಯಲ್ಲಿ ಧರೆ ಕುಸಿದು ಮಣ್ಣು ಬಿದ್ದರೆ ಅದಕ್ಕೆ ತಿಳಿಸುವವರು ಯಾರು? ಯಾರೂ ಹೋಗುತ್ತಿಲ್ಲ ಎಂಬುದಕ್ಕೆ ರಸ್ತೆ ಕಡಿದಿದೆ ಎಂದು ಅರ್ಥವೋ, ಇವತ್ತು ಯಾರಿಗೂ ಕೆಲಸ ಇಲ್ಲ ಎಂದು ಅರ್ಥವೋ?

2024ರ ಜುಲೈಯಲ್ಲಿ ಅದೇ ಕಂಪೆನಿ, ಕಾರಿನವರನ್ನು ಇಕ್ಕಟ್ಟು ರಸ್ತೆಗೆ ನುಗ್ಗಿಸದ ಹಾಗೆ ಸುಧಾರಣೆ ಮಾಡುತ್ತೇವೆ ಎಂದು ಹೇಳಿತು. ಒಳ್ಳೆಯದೇ. ಶುರುಮಾಡಿದ್ದು 8 ನಗರಗಳಲ್ಲಿ. ಇಕ್ಕಟ್ಟು ರಸ್ತೆ ಹೆಚ್ಚಿರುವುದು ನಗರದಲ್ಲೋ ಹಳ್ಳಿಯಲ್ಲೋ ಅಂತ ಕೇಳಬೇಡಿ.

ಎರಡನೆಯದು ನಮ್ಮ ದೇಶದ್ದೇ, ಮ್ಯಾಪ್ಲ್ಸ್. 1995ರಲ್ಲಿ ರಾಕೇಶ್ ವರ್ಮಾ, ರಶ್ಮಿ ವರ್ಮಾ ದಂಪತಿ ಕಟ್ಟಿದ ಮ್ಯಾಪ್‌ಮೈಇಂಡಿಯಾ ಕಂಪೆನಿಯದು. 2021ರಲ್ಲಿ ಇಸ್ರೋ ಜತೆ ಒಪ್ಪಂದವನ್ನೂ ಮಾಡಿಕೊಂಡಿತು. ಹೆದ್ದಾರಿಯಲ್ಲಿ ಹಂಪು, ದೊಡ್ಡ ಜಂಕ್ಷನ್ನಿನ ಚಿತ್ರ, ಇವೆಲ್ಲ ಮೊದಲೇ ತೋರಿಸುತ್ತದೆ. ಘಟ್ಟದ ಮೇಲೆ ಫ್ಲೈಓವರಿನ ಊರುಗಳಿಗೆ ಹೋಗುವವರು ಒಮ್ಮೆ ಹಾಕಿ ನೋಡಬಹುದು. ನಮ್ಮ ಒಳದಾರಿಗೆ ಹೇಗೆ ಎಂಬುದನ್ನು ಅವರವರ ಊರಿನಲ್ಲಿ ಪರೀಕ್ಷೆ ಮಾಡಿಯೇ ಹೇಳಬೇಕು. ಪರೀಕ್ಷೆ ಸುಲಭ: ನಿಮಗೆ ಕಣ್ಣು ಮುಚ್ಚಿದರೂ ಗೊತ್ತಿರುವ ಹತ್ತು ಕಿಲೋಮೀಟರಿನ ದಾರಿ ಕೇಳಿ. ಏನು ಹೇಳುತ್ತದೆ ನೋಡಿ. ಗೊತ್ತಿರುವ ದಾರಿಯಲ್ಲೇ ಸುಳ್ಳು ಹೇಳುವವನನ್ನು ಗೊತ್ತಿಲ್ಲದ ಊರಿನಲ್ಲಿ ನಂಬಲಿಕ್ಕುಂಟೇ?

ಮೂರನೆಯದರ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದು ಯಾರ ಕಂಪೆನಿಯೂ ಅಲ್ಲ. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಎಂಬವರು ಶುರುಮಾಡಿದ್ದು. ಅಲ್ಲಿ ಸರಕಾರಿ ನಕಾಶೆಯನ್ನು ಬಳಸಬೇಕಾದರೆ ಆಗ ದುಡ್ಡು, ಕಟ್ಟುಪಾಡು. ಹಾಗಾದರೆ ಜನರೇ ನಡೆದು, ಅಳೆದು, ಬರೆಯಲಿ ಎಂದು ಹೊರಟರು. ಯಾರು ಬೇಕಾದರೂ ತಮ್ಮೂರಿನ ದಾರಿ ಸೇರಿಸಬಹುದು, ತಪ್ಪಿದ್ದರೆ ತಿದ್ದಬಹುದು. 2015ರಲ್ಲಿ ನೇಪಾಳದಲ್ಲಿ ಭೂಕಂಪವಾದಾಗ ಬೇರೆ ಬೇರೆ ದೇಶಗಳ ಜನ ಮನೆಯಲ್ಲೇ ಕುಳಿತು ಉಪಗ್ರಹದ ಚಿತ್ರ ನೋಡಿ ಅಲ್ಲಿನ ಹಳ್ಳಿದಾರಿಗಳನ್ನು ಬರೆದುಕೊಟ್ಟರು, ಪರಿಹಾರದವರು ಅದನ್ನು ಹಿಡಿದುಕೊಂಡು ಹೋದರು. ಈ ನಕಾಶೆಯ ಮೇಲೆ ನಡೆಯುವ ಆಪ್‌ಗಳು ಹಲವು. ಆರ್ಗ್ಯಾನಿಕ್ ಮ್ಯಾಪ್ಸ್ ಅಂತ ಒಂದು. ಹೆಸರು ಕೇಳಿ ಸಾವಯವ ಅಂದುಕೊಳ್ಳಬೇಡಿ! ಜಾಹೀರಾತು ಇಲ್ಲ, ಹಣ ಇಲ್ಲ, ನೀವು ಎಲ್ಲಿಗೆ ಹೋದಿರಿ ಎಂದು ಬರೆದಿಟ್ಟುಕೊಳ್ಳುವುದೂ ಇಲ್ಲ. ನಮ್ಮ ಭಾಗದ ನಕಾಶೆ ಒಂದು ಸಿನಿಮಾದಷ್ಟು ಜಾಗವನ್ನೂ ಹಿಡಿಯುವುದಿಲ್ಲ. ಒಮ್ಮೆ ಇಳಿಸಿದರೆ ಹುಡುಕುವುದು, ದಾರಿ ಹೇಳುವುದು ಎರಡೂ ನೆಟ್ ಇಲ್ಲದೆ ನಡೆಯುತ್ತದೆ. ಟ್ರಾಫಿಕ್ ಸುದ್ದಿ ಮಾತ್ರ ಇಲ್ಲ. ಓಸ್ಮ್ಯಾಂಡ್ ಎಂಬುದು ಇನ್ನೊಂದು, ಸ್ವಲ್ಪ ಗೋಜಲು. ಅದರಲ್ಲಿ ಲಾರಿಯ ಎತ್ತರ, ತೂಕ ಹಾಕಿ ದಾರಿ ಕೇಳಬಹುದು. ಆದರೆ ನಮ್ಮೂರ ಸಂಕ ಎಷ್ಟು ಟನ್ ತಾಳೀತು ಎಂದು ಯಾರೂ ಬರೆದಿಡದಿದ್ದರೆ ಅದಾದರೂ ಎಂತ ಹೇಳೀತು?

ಅಲ್ಲಿಗೆ ವಿಷಯ ನಮ್ಮ ಅಂಗಳಕ್ಕೇ ಬಂತು.

ಕಳೆದ ವರ್ಷ ಏಪ್ರಿಲಿನಲ್ಲಿ ನಮ್ಮ ನೆರೆಮನೆಗೆ ಚಳ್ಳಕೆರೆ ಕಡೆಯಿಂದ ಕುರಿಗೊಬ್ಬರದ ಲಾರಿ ಬರುವುದಿತ್ತು. ಮನೆಯವರು ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸಿದ್ದರು. ರಾತ್ರಿ ಹತ್ತೂವರೆಗೆ ಡ್ರೈವರನ ಫೋನು: "ಸಾರ್, ಬಂದ್ಬಿಟ್ಟಿದೀನಿ ಅಂತ ತೋರಿಸ್ತಾ ಐತೆ. ಇಲ್ನೋಡಿದ್ರೆ ಮುಂದೆ ಬರೀ ಹೊಳೆ, ದಾರಿನೇ ಇಲ್ವಲ್ಲ!" ಆತ ನಿಂತದ್ದು ಹೊಳೆಯ ಆಚೆ ಬದಿ, ಇನ್ನೊಬ್ಬರ ಗೇರುಗುಡ್ಡೆಯಲ್ಲಿ. ಟಾರ್ಚು ಹಾಕಿದರೆ ಲಾರಿಯ ದೀಪ ನಮಗೆ ಕಾಣುತ್ತದೆ, ಕೂಗಿದರೆ ಕೇಳುತ್ತದೆ. ಸುತ್ತಿ ಬರಬೇಕಾದರೆ 14 ಕಿಲೋಮೀಟರ್. ಆ ಗುಡ್ಡೆಯಲ್ಲಿ ಲಾರಿ ತಿರುಗಿಸಲಿಕ್ಕೇ ಒಂದು ಗಂಟೆ ಹಿಡಿಯಿತು. ಹಿಂದಿನ ಚಕ್ರ ಹೂತು, ನಾಲ್ಕು ಜನ ಹಾರೆ ಹಿಡಿದು ಹೋಗಬೇಕಾಯಿತು. ಬೆಳಗಿನ ಜಾವ ಎರಡಕ್ಕೆ ಗೊಬ್ಬರ ಇಳಿಯಿತು. ಡೀಸೆಲು, ಕಾಯಿಸಿದ್ದಕ್ಕೆ ಚಾರ್ಜು, ಇಳಿಸುವವರ ರಾತ್ರಿ ಮಜೂರಿ, ಎಲ್ಲ ಸೇರಿ ಗೊಬ್ಬರದ ರೇಟು ಗೋಣಿಗೆ ಎಷ್ಟು ಏರಿತು ಎಂದು ನೀವೇ ಲೆಕ್ಕ ಹಾಕಿ.

ಯಾಕೆ ಹೀಗಾಯಿತು? ಯಾವ ಆಪ್ ಎಂಬುದು ಇಲ್ಲಿ ಮುಖ್ಯ ಅಲ್ಲ. ಇವೆಲ್ಲ ಕೆಲಸ ಮಾಡುವ ಕ್ರಮ ಹೆಚ್ಚುಕಡಿಮೆ ಒಂದೇ. ನೀವು ಗುರುತಿಟ್ಟ ಚುಕ್ಕೆಗೆ ಅತಿ ಹತ್ತಿರ ಬರುವ, ನಕಾಶೆಯಲ್ಲಿ ಇರುವ ರಸ್ತೆ ಯಾವುದು ಎಂದು ಹುಡುಕಿ ಅಲ್ಲಿವರೆಗೆ ಗಾಡಿಯನ್ನು ಕೊಂಡುಹೋಗುತ್ತವೆ. ಹತ್ತಿರ ಎಂದರೆ ಕಾಗೆ ಹಾರಿದ ಲೆಕ್ಕ. ನಡುವೆ ಹೊಳೆ ಉಂಟೋ, ತೋಡು ಉಂಟೋ, ಹತ್ತಾಳು ಎತ್ತರದ ಧರೆ ಉಂಟೋ, ಅದಕ್ಕೆ ಬೇಡ. ನೆರೆಮನೆಗೆ ಬರುವ ಮಣ್ಣಿನ ದಾರಿ ನಕಾಶೆಯಲ್ಲೇ ಇಲ್ಲ. ಹೊಳೆಯಾಚೆಯ ಗೇರುಗುಡ್ಡೆಯ ದಾರಿ ಇದೆ. ಅವರು ಚುಕ್ಕೆ ಇಟ್ಟದ್ದೋ ತೋಟದ ಕೆಳಗಿನ ಶೆಡ್ಡಿನಲ್ಲಿ ನಿಂತು. ಫೋನು ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಮಾಡಿದೆ!

ಗೊಬ್ಬರದ ಲಾರಿಯಾದರೆ ನಷ್ಟ ಡೀಸೆಲಿನದ್ದು. ಅದೇ ಜಾಗದಲ್ಲಿ ಆಂಬುಲೆನ್ಸ್ ಇಟ್ಟು ಯೋಚನೆ ಮಾಡಿ. ನಮ್ಮಲ್ಲಿ 108ರ ಗಾಡಿ 2008ರಿಂದ ಇದೆ. ಅಡಿಕೆ ಮರದಿಂದ ಬಿದ್ದವರನ್ನು, ಹಾವು ಕಚ್ಚಿದವರನ್ನು ಕೊಂಡುಹೋಗಲಿಕ್ಕೆ ಬರುವ ಹುಡುಗ ಊರಿನವನೇ ಆಗಿರಬೇಕೆಂದಿಲ್ಲ. ಅವನು ಹೊಳೆಯಾಚೆ ನಿಂತು ಹಾರ್ನ್ ಹಾಕುತ್ತಿದ್ದರೆ ಮಾಡುವುದೇನು?

ಆದ್ದರಿಂದ ನಾನು ಹೇಳುವುದು, ಯಾವ ಆಪ್ ಎಂಬ ಚರ್ಚೆಗಿಂತ ಮೊದಲು ನಮ್ಮ ಚುಕ್ಕೆ ಸರಿ ಮಾಡಿಕೊಳ್ಳೋಣ. ಚುಕ್ಕೆಯನ್ನು ಮನೆಯ ಮೇಲೋ ತೋಟದ ನಡುವೆಯೋ ಇಡಬೇಡಿ. ಗಾಡಿ ನಿಜವಾಗಿ ಬರುವ ದಾರಿಯ ಗೇಟಿನಲ್ಲಿ, ತಡಮೆಯ ಹತ್ತಿರ ಇಡಿ. ಅಡಿಕೆ ತೋಟದ ಒಳಗೆ, ಹೆಂಚಿನ ಮಾಡಿನ ಕೆಳಗೆ ಆಕಾಶ ಸರಿಯಾಗಿ ಕಾಣದೆ ಚುಕ್ಕೆ ಆಚೀಚೆ ಹಾರುತ್ತದೆ. ವಾಟ್ಸಾಪಿನಲ್ಲಿ ಕಳಿಸುವಾಗ ಎಷ್ಟು ಮೀಟರಿನಷ್ಟು ಸರಿ ಎಂದು ಕೆಳಗೆ ತೋರಿಸುತ್ತದೆ. ಗಡಿಬಿಡಿ ಮಾಡದೆ ತೆರೆದ ಜಾಗದಲ್ಲಿ ಒಂದು ನಿಮಿಷ ನಿಂತರೆ ಆ ಸಂಖ್ಯೆ ಇಳಿಯುತ್ತದೆ, ಆಮೇಲೆ ಕಳಿಸಿ. ದಾರಿಯಲ್ಲಿ ಮೋಸದ ತಿರುವು ಇದ್ದರೆ ಆ ತಿರುವಿನದ್ದೇ ಇನ್ನೊಂದು ಚುಕ್ಕೆ ಕಳಿಸಿ, "ಮೊದಲು ಇಲ್ಲಿಗೆ ಬನ್ನಿ, ಮತ್ತೆ ಫೋನು ಮಾಡಿ" ಎನ್ನಿ. ಹೊರಗಿನ ಡ್ರೈವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಫೋನಿಲ್ಲದವರಿಗೂ ಹೇಳಬಹುದಾದ ಹಾಗೆ ಚುಕ್ಕೆಗೆ ಅಕ್ಷರ, ಅಂಕೆಯ ಗುರುತುಗಳೂ ಬಂದಿವೆ. ಗೂಗಲಿನ ಪ್ಲಸ್ ಕೋಡ್ ಸುಮಾರು 14 ಮೀಟರ್ ಚೌಕವನ್ನು ತೋರಿಸುತ್ತದೆ. ನಮ್ಮ ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಡಿಜಿಪಿನ್ ಎಂಬುದನ್ನು ಹೊರತಂದಿತು. ಹತ್ತು ಅಕ್ಷರ-ಅಂಕೆಗಳು, ಸುಮಾರು 4 ಮೀಟರಿನ ಚೌಕ. ಗೇಟಿನ ಗುರುತನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಯೂ ಓದಿ ಹೇಳಬಹುದು. ದಿಶಾಂಕ್ ಆಪ್ ಇದಕ್ಕೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಅದು ನಿಂತ ಜಾಗದ ಸರ್ವೆ ನಂಬರು ತೋರಿಸಲಿಕ್ಕೆ. ಗಡಿ ತಕರಾರಿಗೆ ಮೊದಲ ಅಂದಾಜು ಸಿಗುತ್ತದೆ, ಗಾಡಿ ಓಡಿಸಲಿಕ್ಕಲ್ಲ.

ಎರಡನೇ ಕೆಲಸ, ನಮ್ಮ ದಾರಿಗಳನ್ನು ನಕಾಶೆಗೆ ಏರಿಸುವುದು. ಗೂಗಲಿನಲ್ಲಿ ಬಿಟ್ಟುಹೋದ ರಸ್ತೆ ಇದೆ ಎಂದು ತಿಳಿಸಲು ಅವಕಾಶ ಇದೆ. ಅವರು ನೋಡಿ ಒಪ್ಪಿದರೆ ಬರುತ್ತದೆ, ಒಪ್ಪದಿದ್ದರೆ ಇಲ್ಲ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಾದರೆ ನಾವೇ ಗೆರೆ ಎಳೆದು ಇದು ಮಣ್ಣಿನ ದಾರಿ, ಇದು ಕಾಲುಸಂಕ, ಇದರಲ್ಲಿ ಗಾಡಿ ಹೋಗದು, ಇಲ್ಲಿ ಕಿಂಡಿ ಅಣೆಕಟ್ಟು ಎಂದು ಬರೆಯಬಹುದು. ಒಂದು ಮಾತು ಮಾತ್ರ ನೆನಪಿರಲಿ: ಖಾಸಗಿ ದಾರಿಯನ್ನು ಸಾರ್ವಜನಿಕ ಎಂದು ಬರೆಯಬಾರದು. ಯಾರದೋ ಅಂಗಳದಲ್ಲಿ ರಸ್ತೆ ಎಳೆದು, ದಿನಾ ಅಪರಿಚಿತರು ನಾಯಿ ಬೊಗಳಿಸಿಕೊಂಡು ಹೋಗುವ ಹಾಗಾದದ್ದನ್ನು ನೋಡಿದ್ದೇನೆ. 2024ರಲ್ಲಿ ಕೊಡಗಿನಲ್ಲಿ ಜನ ಬೇಸತ್ತು, ಗೂಗಲ್ ಹೇಳುವುದು ತಪ್ಪು, ಈ ದಾರಿ ರೆಸಾರ್ಟಿಗೆ ಹೋಗುವುದಿಲ್ಲ ಎಂದು ಬೋರ್ಡೇ ಹಾಕಿದ್ದರು. ಅದರ ಚಿತ್ರ ದೇಶವೆಲ್ಲ ಸುತ್ತಿತು.

ಮಳೆಗಾಲದ ಮಾತು ಬೇರೆಯೇ. 2024ರ ಜೂನ್ ಕೊನೆಗೆ ಕಾಸರಗೋಡು ಜಿಲ್ಲೆಯ ಪಳ್ಳಂಚಿಯಲ್ಲಿ ಇಬ್ಬರು ಯುವಕರು ನಸುಕಿನಲ್ಲಿ ನಕಾಶೆ ನೋಡಿಕೊಂಡು ಕರ್ನಾಟಕದ ಆಸ್ಪತ್ರೆಗೆ ಹೊರಟಿದ್ದರು. ತಡೆಗೋಡೆ ಇಲ್ಲದ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಕಾರು ಕೊಚ್ಚಿಹೋಗಿ ಮರಕ್ಕೆ ಸಿಕ್ಕಿಬಿದ್ದದ್ದರಿಂದ ಬದುಕಿಕೊಂಡರು. ಅದಕ್ಕೆ ಹಿಂದಿನ ವರ್ಷ ಎರ್ನಾಕುಲಂ ಜಿಲ್ಲೆಯಲ್ಲಿ ಪೆರಿಯಾರ್ ನದಿಗೆ ಕಾರು ಬಿದ್ದು ಇಬ್ಬರು ಯುವ ವೈದ್ಯರು ಬದುಕಲಿಲ್ಲ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಹತ್ತಿರ, ನೆರೆಗೆ ಮುಂದಿನ ಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ಕಾರು ಕೆಳಗೆ ಬಿದ್ದು ಮೂವರು ಸತ್ತರು. ಸೇತುವೆ ಕಡಿದದ್ದು ನಕಾಶೆಗೆ ಗೊತ್ತಿರಲಿಲ್ಲ ಸರಿ. ಅಲ್ಲಿ ಅಡ್ಡಕ್ಕೆ ಒಂದು ಸಾಲು ಕಲ್ಲಾದರೂ ಇಡಬೇಕು ಎಂದು ಇಲಾಖೆಗಾದರೂ ಗೊತ್ತಿರಬೇಡವೇ? ಪೊಲೀಸರು ಎಂಜಿನಿಯರುಗಳ ಮೇಲೂ ನಕಾಶೆ ಕಂಪೆನಿಯ ಅಧಿಕಾರಿಯ ಮೇಲೂ ಕೇಸು ಹಾಕಿದ್ದು ಸರಿಯಾಗಿಯೇ ಇದೆ ಎಂದು ನನ್ನ ಅಭಿಪ್ರಾಯ. ದಾರಿ ತೋರಿಸುವವನಿಗೂ ಹೊಣೆ ಇದೆ, ದಾರಿ ಕಟ್ಟಿದವನಿಗೆ ಅದಕ್ಕಿಂತ ಹೆಚ್ಚು ಇದೆ.

ಘಾಟಿಗಳದ್ದೂ ಅಷ್ಟೇ. 2018ರ ಆಗಸ್ಟಿನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಸಂಪಾಜೆ ಘಾಟಿ ಮುಚ್ಚಿತು. 2024ರ ಜುಲೈಯಲ್ಲಿ ಶಿರಾಡಿಯಲ್ಲಿ ಮತ್ತೆ ಮತ್ತೆ ಮಣ್ಣು ಬಿತ್ತು. ಇಂಥ ದಿನಗಳಲ್ಲಿ ಘನ ವಾಹನ ಬಿಡುತ್ತಾರೋ, ರಾತ್ರಿ ಬಿಡುತ್ತಾರೋ ಎಂಬ ಆದೇಶ ದಿನಕ್ಕೊಂದು ಬರುತ್ತದೆ. ಬಂಡೀಪುರದ ಕಾಡಿನಲ್ಲಂತೂ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗೆ ಸಂಚಾರ ನಿಷೇಧ. ಫೋನು ಹೇಳಲಿ, ಬಿಡಲಿ, ಗೇಟು ಹಾಕಿರುತ್ತಾರೆ. ಕೇರಳಕ್ಕೆ ಶುಂಠಿ, ತರಕಾರಿ ಕೊಂಡುಹೋಗುವವರಿಗೆ ಇದು ಗೊತ್ತು, ಹೊಸಬರಿಗೆ ಗೊತ್ತಿಲ್ಲ. ಮಳೆಗಾಲದಲ್ಲಿ ಘಾಟಿ ಇಳಿಯುವ ಮೊದಲು ಮೇಲಿನ ಹೋಟೆಲಿನಲ್ಲಿ ಚಾ ಕುಡಿದು, ಕೆಳಗಿನಿಂದ ಬಂದ ಲಾರಿಯವನ ಹತ್ತಿರ ಎರಡು ಮಾತಾಡಿ. ಆಪ್‌ನಿಂದ ಆಗದ್ದು ಈ ಹತ್ತು ರೂಪಾಯಿಯ ಚಾದಿಂದ ಆಗುತ್ತದೆ.

ಕಾನೂನಿನ ಬಗ್ಗೆಯೂ ಹಲವರಿಗೆ ಗೊಂದಲ. ಗಾಡಿ ಓಡಿಸುವಾಗ ಫೋನು ಮುಟ್ಟಲೇಬಾರದೇ? 2020ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿ ಪ್ರಕಾರ ದಾರಿ ನೋಡಲಿಕ್ಕೆ ಮಾತ್ರ ಬಳಸಬಹುದು, ಅದೂ ಗಮನ ಕೆಡದ ಹಾಗೆ. ಆದ್ದರಿಂದ ಕಾರಿಗೆ, ಪಿಕಪ್ಪಿಗೆ ಒಂದು ಗಟ್ಟಿ ಸ್ಟ್ಯಾಂಡು ಹಾಕಿಸಿ. ಬೈಕಿನಲ್ಲಿ ಹ್ಯಾಂಡಲಿಗೆ ಫೋನು ಕಟ್ಟಿಕೊಂಡು ಅದನ್ನೇ ನೋಡುತ್ತಾ ಹೋಗುವ ಹುಡುಗರನ್ನು ಕಂಡರೆ ನನಗೆ ಹೆದರಿಕೆ. ಗುಂಡಿ ಇರುವುದು ರಸ್ತೆಯಲ್ಲಿ, ಫೋನಿನಲ್ಲಲ್ಲ.

ಇಷ್ಟಾದ ಮೇಲೂ "ಅದೆಲ್ಲ ಇರಲಿ, ಹಾಕುವುದು ಯಾವುದನ್ನು?" ಎಂದು ಕೇಳುವವರಿಗೆ ನನ್ನ ಲೆಕ್ಕ ಇದು. ಪೇಟೆಗೂ ಹೆದ್ದಾರಿಗೂ ಗೂಗಲ್ ಇರಲಿ, ನಿಮ್ಮ ಜಿಲ್ಲೆಯ ಮತ್ತು ಘಾಟಿಯ ನಕಾಶೆ ಇಳಿಸಿಟ್ಟು. ಅದರ ಜತೆಗೆ ಓಪನ್‌ಸ್ಟ್ರೀಟ್‌ಮ್ಯಾಪಿನ ಒಂದು ಆಪ್ ಇರಲಿ, ನೆಟ್ ಸತ್ತಾಗ ನೋಡಲಿಕ್ಕೆ. ಎರಡೂ ಒಂದೇ ದಾರಿ ಹೇಳಿದರೆ ಧೈರ್ಯದಿಂದ ಹೋಗಬಹುದು. ಬೇರೆ ಬೇರೆ ಹೇಳಿದರೆ ಗಾಡಿ ನಿಲ್ಲಿಸಿ ಯಾರನ್ನಾದರೂ ಕೇಳಿ. ಹತ್ತು ನಿಮಿಷ ಉಳಿಯುತ್ತದೆ ಎಂದು ತೋರಿಸುವ ಒಳದಾರಿಗಿಂತ ಬಸ್ಸು ಹೋಗುವ ದಾರಿಯೇ ರಾತ್ರಿಗೂ ಮಳೆಗೂ ಮೇಲು. ಹಳೆಯ ಫೋನಾದರೆ ಚಾರ್ಜರ್ ವಯರು ಗಾಡಿಯಲ್ಲೇ ಇರಲಿ, ದಾರಿ ಹೇಳುವ ಕೆಲಸ ಬ್ಯಾಟರಿ ಕುಡಿಯುತ್ತದೆ.

ನಮ್ಮ ವಾರ್ಡಿನಲ್ಲಿ ಈ ಬೇಸಗೆಗೆ ಒಂದು ಕೆಲಸ ಹಾಕಿಕೊಂಡಿದ್ದೇವೆ. ಕಾಲೇಜಿಗೆ ಹೋಗುವ ಮೂರು ಮಕ್ಕಳು, ದಾರಿ ಗೊತ್ತಿರುವ ಇಬ್ಬರು ಹಿರಿಯರು. ನಾಲ್ಕು ಭಾನುವಾರ ನಡೆದು 31 ಮನೆಗಳ ಗೇಟು, 6 ಸಂಕ, 2 ಕಿಂಡಿ ಅಣೆಕಟ್ಟು ಗುರುತಿಸುವುದು. ಯಾವ ಸಂಕ ಜೂನಿನಿಂದ ಸೆಪ್ಟೆಂಬರ್ ತನಕ ಮುಳುಗುತ್ತದೆ ಎಂದು ಬರೆಯುವುದು. ಅದರ ಪಟ್ಟಿಯನ್ನು ಪಂಚಾಯತಿಗೂ ಹತ್ತಿರದ ಆಂಬುಲೆನ್ಸಿನವರಿಗೂ ಕೊಡುವುದು. ಎರಡು ಭಾನುವಾರ ಆಗಿದೆ. ಹೊಳೆಬದಿಯ ಏಳು ಮನೆ ಬಾಕಿ ಇವೆ. ಮಳೆ ಹಿಡಿಯುವ ಮೊದಲು ಮುಗಿಸಬೇಕು.